ಬೆಲೆ, ದರ, ಧಾರಣೆ, ಕ್ರಯ: ಒಂದೇ ಪ್ರಶ್ನೆಗೆ ಇಷ್ಟೊಂದು ಮಾತೇಕೆ?

ಯಾವುದಾದರೂ ಒಂದು ದಿನದ ಕನ್ನಡ ಪೇಪರ್ ಕೈಗೆತ್ತಿಕೊಳ್ಳಿ. ಮೊದಲ ಪುಟದಲ್ಲಿ ಹಾಲಿನ ದರ ಏರಿಕೆ. ಒಳಗೆ ಈರುಳ್ಳಿ ಬೆಲೆ ಕುಸಿತ. ವಾಣಿಜ್ಯ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಡಿಕೆ ಧಾರಣೆ. ಇನ್ನೂ ಕೆಳಗೆ ವಕೀಲರೊಬ್ಬರ ಸಾರ್ವಜನಿಕ ಪ್ರಕಟಣೆ: ಈ ಸ್ವತ್ತನ್ನು ನಮ್ಮ ಕಕ್ಷಿದಾರರು ಶುದ್ಧ ಕ್ರಯಕ್ಕೆ ಪಡೆಯುತ್ತಿದ್ದಾರೆ, ತಕರಾರು ಇದ್ದವರು ತಿಳಿಸಿ.

ನಿಘಂಟು ಇವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಬೆಲೆ ಅಂದರೆ ದರ, ಧಾರಣೆ, ಕ್ರಯ, ಮೌಲ್ಯ, ಕಿಮ್ಮತ್ತು. ಶಾಲೆಯಲ್ಲಿ ‘ಸಮಾನಾರ್ಥಕ ಪದ ಬರೆಯಿರಿ’ ಅಂದಾಗ ಇವುಗಳಲ್ಲಿ ಯಾವುದನ್ನು ಬರೆದರೂ ಅಂಕ ಸಿಗುತ್ತದೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ‘ಬಸ್ ಧಾರಣೆ ಎಷ್ಟು’ ಅಂತ ಕೇಳಿದರೆ ಕಂಡಕ್ಟರ್ ನಮ್ಮ ಮುಖ ನೋಡುತ್ತಾನೆ. ‘ಬಡ್ಡಿಬೆಲೆ’ ಅಂತ ಯಾವ ಬ್ಯಾಂಕಿನವರೂ ಹೇಳುವುದಿಲ್ಲ, ಅದು ಬಡ್ಡಿದರವೇ. ‘ದರಬಾಳುವ ಒಡವೆ’ ಅನ್ನೋಕೆ ಬಾಯೇ ಬರುವುದಿಲ್ಲ.

ಈ ಮಾತುಗಳ ನಡುವಿನ ವ್ಯತ್ಯಾಸ ಬರೀ ಭಾಷೆಯ ಸೊಗಸಿಗೆ ಇರುವುದಲ್ಲ. ಆ ಮೊತ್ತವನ್ನು ಯಾರು ಗೊತ್ತು ಮಾಡಿದರು, ಯಾವಾಗ ಮಾಡಿದರು, ಎಷ್ಟು ಹೊತ್ತು ಅದು ನಿಲ್ಲುತ್ತದೆ ಅನ್ನುವುದನ್ನು ಮಾತೇ ಹೇಳಿಬಿಡುತ್ತದೆ. ಅದನ್ನು ಸರಿಯಾಗಿ ಕೇಳಿಸಿಕೊಂಡವರಿಗೆ ದುಡ್ಡಿನ ಲೆಕ್ಕ ಅರ್ಧ ಬಿಡಿಸಿದ ಹಾಗೆ.

ಮೊದಲು ‘ಬೆಲೆ’ಯನ್ನೇ ನೋಡೋಣ. ಇದು ನಮ್ಮದೇ ಮಾತು, ದ್ರಾವಿಡ ಮನೆಯದ್ದು. ತಮಿಳಿನಲ್ಲಿ ‘ವಿಲೈ’, ಮಲಯಾಳದಲ್ಲಿ ‘ವಿಲ’, ತೆಲುಗಿನಲ್ಲಿ ‘ವೆಲ’, ತುಳುವಿನಲ್ಲಿ ‘ಬಿಲೆ’. ಅಲ್ಲಿಯ ‘ವ’ ನಮ್ಮಲ್ಲಿ ‘ಬ’ ಆಗುವುದು ಮಾಮೂಲು. ತಮಿಳಿನ ‘ವಾಯ್’ ನಮ್ಮ ಬಾಯಿ, ‘ವೇರ್’ ನಮ್ಮ ಬೇರು. ತಮಿಳಿನಲ್ಲಿ ‘ವಿಲ್’ ಅಂದರೆ ಮಾರು ಅಂತ ಅರ್ಥ. ಹಾಗಾಗಿ ಬೆಲೆ ಅನ್ನುವ ಮಾತಿನ ಬುಡದಲ್ಲೇ ಒಂದು ವ್ಯಾಪಾರ ಇದೆ. ಒಬ್ಬ ಕೊಡುವವನು, ಒಬ್ಬ ತೆಗೆದುಕೊಳ್ಳುವವನು ಎದುರುಬದುರು ನಿಂತಾಗ ಹುಟ್ಟುವುದು ಬೆಲೆ. ಇಬ್ಬರಲ್ಲಿ ಒಬ್ಬ ಎದ್ದು ಹೋದರೆ ಬೆಲೆಯೂ ಇಲ್ಲ.

ಈ ಎದುರುಬದುರು ನಿಲ್ಲುವ ಗುಣದಿಂದಲೇ ಇರಬೇಕು, ಬೆಲೆ ಮನುಷ್ಯರ ನಡುವೆಯೂ ಓಡಾಡುತ್ತದೆ. ‘ನನ್ನ ಮಾತಿಗೆ ಬೆಲೆ ಇಲ್ಲ’ ಅಂತೀವಿ. ‘ಹಿರಿಯರಿಗೆ ಬೆಲೆ ಕೊಡು’ ಅಂತೀವಿ. ಒಬ್ಬರು ಕೊಟ್ಟರೆ ಮಾತ್ರ ಇನ್ನೊಬ್ಬರಿಗೆ ಸಿಗುವಂಥದ್ದು ಅದು. ಉತ್ತರ ಕರ್ನಾಟಕದ ಕಡೆ ಇದೇ ಕೆಲಸವನ್ನು ‘ಕಿಮ್ಮತ್ತು’ ಮಾಡುತ್ತದೆ. ಅರಬ್ಬಿಯಿಂದ ಹೊರಟು ಪಾರ್ಸಿ, ಉರ್ದು, ಮರಾಠಿಗಳ ದಾರಿಯಲ್ಲಿ ಬಂದ ಮಾತು. ‘ಅವಂಗ ಊರಾಗ ಕಿಮ್ಮತ್ತಿಲ್ಲ’ ಅಂದರೆ ಮುಗಿಯಿತು, ಬೇರೆ ವಿವರ ಬೇಡ.

ಇನ್ನು ‘ದರ’. ಇದಕ್ಕೆ ಎರಡು ಗುಣ ಇವೆ. ಒಂದು, ಇದು ಯಾವಾಗಲೂ ‘ಇಷ್ಟಕ್ಕೆ ಇಷ್ಟು’ ಅನ್ನುತ್ತದೆ. ಲೀಟರಿಗೆ, ಕಿಲೋಮೀಟರಿಗೆ, ಯೂನಿಟ್ಟಿಗೆ, ನೂರಕ್ಕೆ. ಅದಕ್ಕೇ ಬಡ್ಡಿದರ, ತೆರಿಗೆ ದರ, ಜನನ ದರ ಅಂತೀವಿ. ಕೊನೆಯದರಲ್ಲಿ ದುಡ್ಡೇ ಇಲ್ಲ, ಆದರೂ ದರ ಇದೆ, ಸಾವಿರ ಜನಕ್ಕೆ ಇಷ್ಟು ಹುಟ್ಟು ಅಂತ. ಎರಡು, ದರವನ್ನು ಮೊದಲೇ ಯಾರೋ ಕೂತು ಗೊತ್ತು ಮಾಡಿರುತ್ತಾರೆ. ಹೋಟೆಲಿನ ಗೋಡೆಯ ಮೇಲೆ ಇರುವುದು ದರಪಟ್ಟಿ. ಅಲ್ಲಿ ಚೌಕಾಸಿ ಇಲ್ಲ. ಇಡ್ಲಿಗೆ ಎರಡು ರೂಪಾಯಿ ಕಮ್ಮಿ ಮಾಡಿಕೊಳ್ಳಿ ಅಂತ ಯಾರೂ ಕೇಳುವುದಿಲ್ಲ.

ಬೆಲೆ ಬೇರೆ, ದರ ಬೇರೆ ಅನ್ನುವುದಕ್ಕೆ ಹಾಲಿನ ಪ್ಯಾಕೆಟ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2024ರ ಜೂನ್ ಕೊನೆಯಲ್ಲಿ ನಂದಿನಿ ನೀಲಿ ಪ್ಯಾಕೆಟ್ ಒಂದು ಲೀಟರಿಗೆ 42 ರೂಪಾಯಿ ಇದ್ದದ್ದು 44 ಆಯಿತು. ಆದರೆ ಪ್ಯಾಕೆಟ್ಟಿನೊಳಗೆ 50 ಮಿಲಿಲೀಟರ್ ಹಾಲು ಜಾಸ್ತಿ ಹಾಕಿದರು, 1,050 ಮಿಲಿಲೀಟರ್. ಜನ ಬೆಲೆ ಏರಿತು ಅಂದರು. ಸರ್ಕಾರ ದರ ಏರಿಸಿಲ್ಲ ಅಂದಿತು. ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಲೆಕ್ಕ ಹಾಕಿ: ಮೊದಲು 100 ಮಿಲಿಲೀಟರಿಗೆ 4 ರೂಪಾಯಿ 20 ಪೈಸೆ. ಆಮೇಲೆ 4 ರೂಪಾಯಿ 19 ಪೈಸೆ. ದರ ಇದ್ದಲ್ಲೇ ಇದೆ. ಆದರೆ ಬೆಳಗ್ಗೆ ಹಾಲಿನ ಅಂಗಡಿಗೆ ಹೋದ ಅಮ್ಮನ ಕೈಯಿಂದ ಎರಡು ರೂಪಾಯಿ ಜಾಸ್ತಿ ಹೋಯಿತು. ಆ 50 ಮಿಲಿಲೀಟರ್ ಅವರು ಕೇಳಿದ್ದಲ್ಲ. ಬೇಡ ಅನ್ನುವ ಆಯ್ಕೆಯೂ ಇರಲಿಲ್ಲ. ಅವರ ಲೆಕ್ಕದಲ್ಲಿ ಏರಿದ್ದು ಬೆಲೆ, ಅದು ನಿಜ.

2025ರ ಏಪ್ರಿಲ್ 1ರಿಂದ ಆ ಹೆಚ್ಚುವರಿ 50 ಮಿಲಿಲೀಟರ್ ಹೋಯಿತು. ಲೀಟರ್ ಪ್ಯಾಕೆಟ್ 46 ರೂಪಾಯಿ ಆಯಿತು. ಪ್ಯಾಕೆಟ್ ಲೆಕ್ಕದಲ್ಲಿ ನೋಡಿದರೆ ಎರಡೇ ರೂಪಾಯಿ ಏರಿಕೆ, 44ರಿಂದ 46. ಆದರೆ ಘೋಷಣೆ ಆಗಿದ್ದು ಲೀಟರಿಗೆ 4 ರೂಪಾಯಿ ಏರಿಕೆ ಅಂತ. ಯಾಕೆಂದರೆ ಈಗ 100 ಮಿಲಿಲೀಟರಿಗೆ 4 ರೂಪಾಯಿ 60 ಪೈಸೆ. ಈ ಸಲ ಜಾಸ್ತಿ ಏರಿದ್ದು ದರ. ಬಿಸ್ಕತ್ತು, ಸೋಪು, ಚಿಪ್ಸ್ ಪೊಟ್ಟಣಗಳಲ್ಲೂ ಇದೇ ನಡೆಯುತ್ತದೆ. ಹತ್ತು ರೂಪಾಯಿ ಪೊಟ್ಟಣ ಹತ್ತು ರೂಪಾಯಿಯೇ ಇರುತ್ತದೆ, ಒಳಗಿನ ಗ್ರಾಂ ಇಳಿಯುತ್ತದೆ. ಬೆಲೆ ನೋಡುವವರಿಗೆ ಏನೂ ಆಗಿಲ್ಲ ಅನಿಸುತ್ತದೆ. ದರ ನೋಡುವವರಿಗೆ ಕಾಣುತ್ತದೆ. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ತೂಕ ಓದುವ ಅಭ್ಯಾಸ ಇಟ್ಟುಕೊಳ್ಳಿ, ದಯವಿಟ್ಟು.

ಬೆಲೆ ನಮ್ಮ ಕಣ್ಣೆದುರೇ ದರವಾಗಿ ಬದಲಾದದ್ದೂ ಉಂಟು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದವು. ಟ್ಯಾಂಕರ್ ನೀರಿಗೆ ಯಾರು ಎಷ್ಟು ಕೇಳಿದರೆ ಅಷ್ಟು ಅನ್ನುವ ಹಾಗಾಯಿತು. ಅದು ಅಪ್ಪಟ ಬೆಲೆ, ಕೊಡುವವನ ಹಟ, ಕೊಳ್ಳುವವನ ಬಾಯಾರಿಕೆ ಸೇರಿ ಆದದ್ದು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಮಧ್ಯೆ ಬಂತು. 12,000 ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಗೊತ್ತು ಮಾಡಿತು. ಮರುದಿನ ಪೇಪರುಗಳಲ್ಲಿ ತಲೆಬರಹ: ಟ್ಯಾಂಕರ್ ನೀರಿಗೆ ದರ ನಿಗದಿ. ಮಾತು ತಾನಾಗಿಯೇ ಬದಲಾಗಿತ್ತು. ಸರ್ಕಾರ ಕೈ ಹಾಕಿದ ಕೂಡಲೇ ಕನ್ನಡ ಬೆಲೆಯನ್ನು ಬಿಟ್ಟು ದರಕ್ಕೆ ಬರುತ್ತದೆ.

ನೀರಿನ ಮಾತು ಬಂತಲ್ಲ, ‘ಮೌಲ್ಯ’ವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀರಿನ ಮೌಲ್ಯ ಮಳೆಗಾಲದಲ್ಲೂ ಅಷ್ಟೇ, ಬೇಸಿಗೆಯಲ್ಲೂ ಅಷ್ಟೇ, ಅದಿಲ್ಲದೆ ಬದುಕಿಲ್ಲ. ಬೆಲೆ ಮಾತ್ರ ಅದು ಸಿಗದೆ ಹೋದಾಗ ಏರುತ್ತದೆ. ಚಿನ್ನ ಇಲ್ಲದೆ ಬದುಕಬಹುದು, ಆದರೆ ಅದು ಎಲ್ಲೂ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಬೆಲೆ ಜಾಸ್ತಿ. ಮೌಲ್ಯ ವಸ್ತುವಿನ ಉಪಯೋಗದ ಕಡೆ ನೋಡುತ್ತದೆ, ಬೆಲೆ ಅದರ ಕೊರತೆಯ ಕಡೆ ನೋಡುತ್ತದೆ.

ಈಗ ನನಗೆ ತುಂಬ ಇಷ್ಟವಾದ ಮಾತಿಗೆ ಬರುತ್ತೇನೆ, ಧಾರಣೆ. ಬೆಂಗಳೂರಿನಲ್ಲೇ ಬೆಳೆದ ಹುಡುಗರಿಗೆ ಈ ಮಾತು ಯೋಗಾಸನದ ಕ್ಲಾಸಿನಲ್ಲಿ ಮಾತ್ರ ಗೊತ್ತಿರಬಹುದು. ಮಲೆನಾಡಿನಲ್ಲಿ ಇದು ದಿನಕ್ಕೊಮ್ಮೆ ಬಾಯಿಗೆ ಬರುವ ಮಾತು. ಶಿರಸಿ, ಸಿದ್ದಾಪುರದ ಕಡೆ ಮಧ್ಯಾಹ್ನ ಕಳೆದ ಮೇಲೆ ಫೋನ್ ಮಾಡಿ ಕೇಳುವುದೇ ‘ಇವತ್ತು ರಾಶಿ ಎಷ್ಟಾತಡ?’ ಅಂತ. ರಾಶಿ ಅಂದರೆ ಅಡಿಕೆಯ ಒಂದು ಬಗೆ. ಆ ಕೊನೆಯ ‘ಅಡ’ ಅಂದರೆ ‘ಅಂತೆ’. ಎಷ್ಟಾಯಿತಂತೆ. ಧಾರಣೆ ಯಾವಾಗಲೂ ಆಗುವಂಥದ್ದು, ಕೇಳಿ ತಿಳಿಯುವಂಥದ್ದು. ದರದ ಹಾಗೆ ಯಾರೂ ಅದನ್ನು ಮೊದಲೇ ಬರೆದು ಅಂಟಿಸಿರುವುದಿಲ್ಲ.

ಅದು ಹೇಗೆ ಆಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ರೈತರ ಅಡಿಕೆ ಚೀಲಗಳು ಯಾರ್ಡಿಗೆ ಬರುತ್ತವೆ. ಒಬ್ಬೊಬ್ಬರದು ಒಂದೊಂದು ಲಾಟು, ಅದಕ್ಕೊಂದು ನಂಬರು. ವ್ಯಾಪಾರಿಗಳು ಸಾಲಾಗಿ ಬರುತ್ತಾರೆ. ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆಯುತ್ತಾರೆ. ಅಂಗೈಯಲ್ಲಿ ಆಡಿಸಿ ಸದ್ದು ಕೇಳುತ್ತಾರೆ, ಒಣಗಿದ್ದು ಸಾಕಾಗಿದೆಯೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತದೆ. ಒಂದೆರಡು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ಆಮೇಲೆ ಪಕ್ಕದವನಿಗೆ ಕಾಣದ ಹಾಗೆ ತಮ್ಮ ಮೊತ್ತ ಬರೆದು ಟೆಂಡರ್ ಹಾಕುತ್ತಾರೆ. ಯಾರು ಜಾಸ್ತಿ ಬರೆದರೋ ಲಾಟು ಅವರದು. ರೈತನಿಗೆ ಒಪ್ಪಿಗೆಯಾದರೆ ತೂಕ, ಇಲ್ಲದಿದ್ದರೆ ‘ಇವತ್ತು ಬೇಡ, ಇಟ್ಟಿರಿ’. ಕರ್ನಾಟಕದ ಮಾರುಕಟ್ಟೆಗಳಲ್ಲಿ 2014ರಿಂದ ಇ-ಟೆಂಡರ್ ಹಬ್ಬುತ್ತಾ ಬಂತು, ಚೀಟಿಯ ಜಾಗಕ್ಕೆ ಕಂಪ್ಯೂಟರ್ ಬಂತು. ಆದರೆ ಕತ್ತರಿಸಿ ನೋಡುವ ಕಣ್ಣು ಹಳೆಯದೇ.

ಆ ದಿನದ ಎಲ್ಲ ಲಾಟುಗಳು ಮುಗಿದ ಮೇಲೆ ಬರುವುದು ಧಾರಣೆ. ಅದು ಒಂದು ಸಂಖ್ಯೆಯಲ್ಲ, ಮೂರು: ಕನಿಷ್ಠ, ಗರಿಷ್ಠ, ಮಾದರಿ. ಬಹಳ ಜನ ಎಡವುವುದು ಇಲ್ಲಿ. ಒಂದು ದಿನ ನೂರು ಲಾಟು ಬಂತು ಅಂದುಕೊಳ್ಳಿ. ಎರಡು ಲಾಟು ತುಂಬ ಚೆನ್ನಾಗಿತ್ತು, ಕ್ವಿಂಟಲಿಗೆ 60,000 ಆಯಿತು. ಮೂರು ಲಾಟು ಹಸಿ ಇತ್ತು, 40,000ಕ್ಕೆ ಹೋಯಿತು. ಉಳಿದವುಗಳಲ್ಲಿ ಬಹುಪಾಲು 52,000ದ ಆಸುಪಾಸಿನಲ್ಲಿ ಮಾರಿದವು. ಮಾದರಿ ಧಾರಣೆ ಅಂದರೆ ಆ 52,000, ಅತಿ ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತೋ ಅದು. ಆದರೆ ಸಂಜೆ ವಾಟ್ಸಾಪಿನಲ್ಲಿ ಓಡಾಡುವುದು ‘ರಾಶಿ 60 ಸಾವಿರ ಮುಟ್ಟಿತು’ ಅಂತ. ಮರುದಿನ ಅದನ್ನು ನಂಬಿ ಚೀಲ ಹೊತ್ತು ಬಂದವರಿಗೆ 51 ಸಿಕ್ಕಿದರೆ, ಮೋಸವಾಯಿತು ಅನಿಸುತ್ತದೆ. ಮೋಸ ಆಗಿರಲಿಕ್ಕಿಲ್ಲ. ಅವರು ಗರಿಷ್ಠವನ್ನು ಧಾರಣೆ ಅಂದುಕೊಂಡಿದ್ದರು ಅಷ್ಟೇ.

ಇನ್ನೊಂದು ತೊಡಕು ಮಾಲಿನ ಹೆಸರಿನದ್ದು. ಅಡಿಕೆ ಅಂದರೆ ಒಂದಲ್ಲ. ಶಿವಮೊಗ್ಗದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು. ಶಿರಸಿಯಲ್ಲಿ ರಾಶಿ, ಬೆಟ್ಟೆಗಳ ಜೊತೆ ಚಾಲಿ, ಕೆಂಪುಗೋಟು, ಬಿಳೆಗೋಟು. ಕರಾವಳಿಗೆ ಇಳಿದರೆ ಹೊಸ ಚಾಲಿ, ಹಳೆ ಚಾಲಿ, ಪಟೋರ, ಕೋಕಾ. ಅಲ್ಲಿ ಧಾರಣೆ ಹೇಳುವುದು ಕಿಲೋ ಲೆಕ್ಕದಲ್ಲಿ, ಮಲೆನಾಡಿನಲ್ಲಿ ಕ್ವಿಂಟಲ್ ಲೆಕ್ಕದಲ್ಲಿ. ‘ಅಡಿಕೆ ಬೆಲೆ ಇಳಿಯಿತು’ ಅಂತ ಟೀವಿಯಲ್ಲಿ ಬಂದರೆ ಮಲೆನಾಡಿನವರು ಮೊದಲು ಕೇಳುವುದು ‘ಯಾವ ಅಡಿಕೆ?’ ಅಂತ. ಅದು ಸರಿಯಾದ ಪ್ರಶ್ನೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸೊಸೈಟಿ, 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ್ದರ ಹಿಂದೆ ಇದ್ದ ಚಿಂತೆಯೂ ಧಾರಣೆಯದ್ದೇ. ಒಬ್ಬ ಬೆಳೆಗಾರ ಒಂಟಿಯಾಗಿ ವ್ಯಾಪಾರಿಯ ಎದುರು ನಿಂತರೆ ವ್ಯಾಪಾರಿ ಹೇಳಿದ್ದೇ ಬೆಲೆ. ನೂರು ಬೆಳೆಗಾರರ ಮಾಲು ಒಂದೇ ಅಂಗಳದಲ್ಲಿ ಬಿದ್ದು, ಹತ್ತು ವ್ಯಾಪಾರಿಗಳು ಪೈಪೋಟಿಗೆ ಬಿದ್ದರೆ ಆಗುವುದು ಧಾರಣೆ.

ಧಾರಣೆಯ ಆಯಸ್ಸು ಒಂದೇ ದಿನ. ನಿನ್ನೆಯದು ಇವತ್ತಿಗೆ ಲೆಕ್ಕಕ್ಕಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. 2024ರ ಮಾರ್ಚ್ 11, ಸೋಮವಾರ, ಧಾರಣೆ ದಿಢೀರನೆ ಬಿದ್ದಿತ್ತು. ಹಿಂದಿನ ವಾರದ ಲೆಕ್ಕ ಹಿಡಿದು ದೂರದಿಂದ ಮಾಲು ತಂದಿದ್ದ ರೈತರು ಸಿಟ್ಟಿಗೆದ್ದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಸರಿ ಅನ್ನಲಾರೆ. ಆದರೆ ಬೀಜ, ಗೊಬ್ಬರ, ಕೂಲಿ, ಲಾರಿ ಬಾಡಿಗೆ ಎಲ್ಲ ಕೊಟ್ಟು ಬಂದವನಿಗೆ ಒಂದು ವಾರದ ಅಂತರ ಎಷ್ಟು ದೊಡ್ಡದು ಅನ್ನುವುದು ಅಲ್ಲಿ ಕಂಡಿತು. ಕೊಟ್ಟಿದ್ದೆಲ್ಲ ದರ ಅಥವಾ ಬೆಲೆ, ಮೊದಲೇ ಗೊತ್ತಿದ್ದದ್ದು. ಬರಬೇಕಾದದ್ದು ಮಾತ್ರ ಧಾರಣೆ.

ಈ ಭಯಕ್ಕೆ ಮದ್ದಾಗಿ ಬಂದದ್ದು ಬೆಂಬಲ ಬೆಲೆ. ಕೇಂದ್ರ ಸರ್ಕಾರ 22 ಬೆಳೆಗಳಿಗೆ ಪ್ರತಿ ವರ್ಷ ಇದನ್ನು ಘೋಷಿಸುತ್ತದೆ. ಶಿಫಾರಸು ಮಾಡುವ ಆಯೋಗ ಶುರುವಾದದ್ದು 1965ರಲ್ಲಿ. ರಾಗಿಗೆ 2024-25ರಲ್ಲಿ ಕ್ವಿಂಟಲಿಗೆ 4,290 ರೂಪಾಯಿ ಇದ್ದದ್ದು 2025-26ಕ್ಕೆ 4,886 ಆಯಿತು. ಇಲ್ಲಿ ‘ಬೆಲೆ’ ಅನ್ನುವ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಈ ಮೊತ್ತಕ್ಕಿಂತ ಕಮ್ಮಿಗೆ ಯಾರೂ ಕೊಳ್ಳುವಂತಿಲ್ಲ ಅಂತ ಅರ್ಥವಲ್ಲ. ಸರ್ಕಾರ ಖರೀದಿ ಕೇಂದ್ರ ತೆರೆದರೆ, ತಾನು ಈ ದರಕ್ಕೆ ಕೊಳ್ಳುತ್ತೇನೆ ಅಂತ ಮಾತ್ರ. ಖಾಸಗಿ ವ್ಯಾಪಾರಿಗೆ ಆ ಕಟ್ಟುಪಾಡಿಲ್ಲ. ಕೇಂದ್ರದಲ್ಲಿ ಮಾರಲು ಹೆಸರು ನೋಂದಾಯಿಸಬೇಕು, ಎಕರೆಗೆ ಇಷ್ಟೇ ಅನ್ನುವ ಮಿತಿ ಇರುತ್ತದೆ, ದುಡ್ಡು ಖಾತೆಗೆ ಬರುವವರೆಗೆ ಕಾಯಬೇಕು. ಕಾಯುವ ಶಕ್ತಿ ಇರುವವನಿಗೆ ಬೆಂಬಲ ಬೆಲೆ ಸಿಗುತ್ತದೆ. ಮಗಳ ಮದುವೆ ಎದುರಿಗಿರುವವನು, ಸೊಸೈಟಿ ಸಾಲದ ಗಡುವು ಮುಟ್ಟಿದವನು ಅದೇ ರಾಗಿಯನ್ನು ಆ ದಿನದ ಧಾರಣೆಗೆ ಮಾರಿ ಮನೆಗೆ ಹೋಗುತ್ತಾನೆ.

ಕಬ್ಬಿನದ್ದು ಬೇರೆ ಕಥೆ. ಅಲ್ಲಿ ಎಫ್‌ಆರ್‌ಪಿ ಅಂದರೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆಯನ್ನು ಕಾರ್ಖಾನೆ ಕೊಡಲೇಬೇಕು, ಕಾನೂನಿನ ಬಲ ಇದೆ. 2025-26ಕ್ಕೆ ಕ್ವಿಂಟಲಿಗೆ 355 ರೂಪಾಯಿ. ಆದರೆ ಅದು ಶೇ 10.25 ಸಕ್ಕರೆ ಇಳುವರಿಗೆ. ಇಳುವರಿ ಕಮ್ಮಿ ಅಂತ ಕಾರ್ಖಾನೆ ತೋರಿಸಿದರೆ ಮೊತ್ತವೂ ಕಮ್ಮಿ. ಕಟಾವು, ಸಾಗಣೆ ಖರ್ಚು ಬೇರೆ ಮುರಿದುಕೊಳ್ಳುತ್ತಾರೆ. ಟನ್ನಿಗೆ 3,550 ಅಂತ ಕಾಗದದಲ್ಲಿ ಕಾಣುವುದು ರೈತನ ಕೈಗೆ ಬರುವಾಗ ಬೇರೆಯೇ ಆಗಿರುತ್ತದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ಕೊಡಿ ಅಂತ ದಿನಗಟ್ಟಲೆ ಕೂತಿದ್ದರು. ಕಾಗದದ ಮೊತ್ತಕ್ಕಿಂತ ಕಮ್ಮಿಯನ್ನೇ ಕೇಳುತ್ತಿದ್ದಾರಲ್ಲ ಅಂತ ಹೊರಗಿನವರಿಗೆ ಆಶ್ಚರ್ಯವಾಗಬಹುದು. ಅವರು ಕೇಳಿದ್ದು ಕೈಗೆ ಸಿಗುವ ದುಡ್ಡನ್ನು.

ರೈತರ ಬಾಯಲ್ಲಿ ಇದಕ್ಕೆಲ್ಲ ಒಂದು ಚಿಕ್ಕ ಮಾತಿದೆ: ಗಿಟ್ಟುವುದು. ‘ಈ ರೇಟಿಗೆ ಗಿಟ್ಟಲ್ಲ’. ಅಸಲು, ಅಂದರೆ ಹಾಕಿದ ದುಡ್ಡು, ವಾಪಸ್ ಬಂದು ಮೇಲೆ ಒಂದಿಷ್ಟು ಉಳಿದರೆ ಗಿಟ್ಟಿತು. ಧಾರಣೆ ಮೇಲೋ ಕೆಳಗೋ ಅನ್ನುವುದಕ್ಕಿಂತ ಗಿಟ್ಟುತ್ತದೋ ಇಲ್ಲವೋ ಅನ್ನುವುದೇ ಮುಖ್ಯ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಕೋಲಾರದ ಕಡೆ, ಕೊಯ್ದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಟೊಮೆಟೊ ಸುರಿದ ವರ್ಷಗಳೂ ಇವೆ. ಬೆಳೆ ಇದ್ದಾಗ ಬೆಲೆ ಇಲ್ಲ, ಬೆಲೆ ಇದ್ದಾಗ ಬೆಳೆ ಇಲ್ಲ ಅಂತ ಹಳ್ಳಿಯಲ್ಲಿ ಹೇಳುವುದು ಇದನ್ನೇ. ಕಾರಣ ಕಷ್ಟದ್ದೇನಲ್ಲ. ಟೊಮೆಟೊ ಅಗ್ಗವಾಯಿತು ಅಂತ ನಾವು ದಿನಕ್ಕೆ ಎರಡು ಕಿಲೋ ತಿನ್ನುವುದಿಲ್ಲ. ಮಾಲು ಸ್ವಲ್ಪ ಜಾಸ್ತಿ ಬಂದರೂ ಬೆಲೆ ಪೂರ್ತಿ ಮಲಗುತ್ತದೆ. ಈ ವರ್ಷ ಬೆಲೆ ಬಂತು ಅಂತ ಎಲ್ಲರೂ ಅದನ್ನೇ ನೆಟ್ಟರೆ ಮುಂದಿನ ಕೊಯ್ಲಿಗೆ ಅದೇ ಕಥೆ.

‘ಕ್ರಯ’ಕ್ಕೆ ಬರೋಣ. ಮಂಗಳೂರು, ಪುತ್ತೂರಿನ ಕಡೆ ಇದು ಅಂಗಡಿಯ ಮಾತು. ‘ಬಸಳೆಗೆ ಎಷ್ಟು ಕ್ರಯ?’ ಅಂತ ಕೇಳುವುದು ಅಲ್ಲಿ ಸಹಜ. ಘಟ್ಟದ ಮೇಲೆ ಬಂದರೆ ಕ್ರಯ ಅಂದ ಕೂಡಲೇ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ನೆನಪಾಗುತ್ತದೆ. ಕ್ರಯದ ಕರಾರು, ಶುದ್ಧ ಕ್ರಯಪತ್ರ. ಸಂಸ್ಕೃತದಲ್ಲಿ ಕ್ರಯ ಅಂದರೆ ಕೊಳ್ಳುವುದು, ವಿಕ್ರಯ ಅಂದರೆ ಮಾರುವುದು. ಕನ್ನಡದ ಪತ್ರಗಳಲ್ಲಿ ಎರಡೂ ಸೇರಿ ಒಂದೇ ಕ್ರಯ ಆಗಿದೆ. ‘ಕ್ರಯಕ್ಕೆ ಕೊಟ್ಟ’ ಅಂತಲೂ ಹೇಳುತ್ತೇವೆ, ‘ಕ್ರಯಕ್ಕೆ ಪಡೆದ’ ಅಂತಲೂ ಹೇಳುತ್ತೇವೆ. ಇದು ಬರೆದು, ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಮುಗಿಸಿದ ಬೆಲೆ. ಇನ್ನು ಅದು ಅಲುಗಾಡುವುದಿಲ್ಲ.

ಒಂದು ಸೈಟಿಗೆ ಮೂರು ಮೊತ್ತ ಇರುತ್ತವೆ. 30-40 ಸೈಟು, 1,200 ಚದರಡಿ ಅಂದುಕೊಳ್ಳಿ. ಸರ್ಕಾರದ ಮಾರ್ಗಸೂಚಿ ದರ ಚದರಡಿಗೆ 3,000 ಇದ್ದರೆ 36 ಲಕ್ಷ. ಮಾರುಕಟ್ಟೆ ಬೆಲೆ 5,000 ಇದ್ದರೆ 60 ಲಕ್ಷ. ಪತ್ರದಲ್ಲಿ ಬರೆಯುವ ಕ್ರಯದ ಮೊತ್ತ ಮೂರನೆಯದು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಹಾಕುವುದು ಮಾರ್ಗಸೂಚಿ ಮತ್ತು ಪತ್ರದ ಮೊತ್ತ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಅದಕ್ಕೇ ಬಹಳ ಜನ ಪತ್ರದಲ್ಲಿ 36 ಲಕ್ಷ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ದಾರಿ ಹಿಡಿಯುತ್ತಾರೆ. ಅದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ಕೊಂಡವರಿಗೇ ನಷ್ಟ. ಬ್ಯಾಂಕು ಸಾಲಕ್ಕೆ ಪತ್ರದ ಮೊತ್ತ ನೋಡುತ್ತದೆ. ನಾಳೆ ಅದನ್ನು ಮಾರಿದಾಗ ಕೊಂಡ ಬೆಲೆ 36 ಅಂತಲೇ ಲೆಕ್ಕ, ಬಾರದ 24 ಲಕ್ಷದ ಲಾಭಕ್ಕೂ ತೆರಿಗೆ ಕಟ್ಟಬೇಕಾಗುತ್ತದೆ.

ಹಳ್ಳಿಗಳಲ್ಲಿ ಇದರ ಪೆಟ್ಟು ಇನ್ನೂ ಜೋರು. ರಸ್ತೆಗೋ ಕಾರ್ಖಾನೆಗೋ ಜಮೀನು ಹೋದಾಗ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರದ ಲೆಕ್ಕ ಶುರುವಾಗುವುದು ಎಲ್ಲಿಂದ? ಮಾರ್ಗಸೂಚಿ ದರ ಅಥವಾ ಸುತ್ತಮುತ್ತ ಹಿಂದಿನ ಮೂರು ವರ್ಷ ನೋಂದಣಿಯಾದ ಕ್ರಯಪತ್ರಗಳಲ್ಲಿ ಜಾಸ್ತಿ ಮೊತ್ತದ ಅರ್ಧದಷ್ಟು ಪತ್ರಗಳ ಸರಾಸರಿ, ಇವುಗಳಲ್ಲಿ ಜಾಸ್ತಿ ಇರುವುದರಿಂದ. ಊರಿನವರೆಲ್ಲ ಶುಲ್ಕ ಉಳಿಸಲು ಕಮ್ಮಿ ಬರೆಸುತ್ತಾ ಬಂದಿದ್ದರೆ ಆ ಊರಿನ ಜಮೀನಿಗೆ ಕಾಗದದಲ್ಲಿ ಬೆಲೆಯೇ ಇರುವುದಿಲ್ಲ. ಮಾರುವ ಯೋಚನೆಯೇ ಇಲ್ಲದೆ ಉಳುತ್ತಿದ್ದವನು ಪಕ್ಕದವರ ಪತ್ರಗಳ ಲೆಕ್ಕಕ್ಕೆ ಸಿಕ್ಕಿಬೀಳುತ್ತಾನೆ.

ಬೆಲೆ ಜಾಸ್ತಿ, ಕಮ್ಮಿ ಅನ್ನುವುದಕ್ಕೂ ನಮ್ಮಲ್ಲಿ ಒಳ್ಳೊಳ್ಳೆ ಮಾತುಗಳಿವೆ. ಕಮ್ಮಿ ಆದರೆ ಅಗ್ಗ, ಸೋವಿ. ಅಗ್ಗ ಬಂದದ್ದು ಸಂಸ್ಕೃತದ ‘ಅರ್ಘ’ದಿಂದ, ಅದರ ಅರ್ಥವೇ ಬೆಲೆ. ಬೆಲೆ ಕಟ್ಟಲಾಗದ್ದು ಅನರ್ಘ್ಯ. ಅದೇ ಮನೆಯಿಂದ ಹೊರಟ ಅಗ್ಗ ನಮ್ಮಲ್ಲಿ ಕಡಿಮೆ ಬೆಲೆ ಅಂತಾಯಿತು. ಜಾಸ್ತಿ ಆದರೆ ದುಬಾರಿ, ತುಟ್ಟಿ. ಧಾರವಾಡದ ಕಡೆ ‘ಭಾಳ ತುಟ್ಟಿ ಆತು’ ಅನ್ನುವ ಆ ಮಾತು ಸರ್ಕಾರಿ ಆದೇಶದಲ್ಲೂ ಕೂತಿದೆ: ತುಟ್ಟಿಭತ್ಯೆ. ಬದುಕು ತುಟ್ಟಿ ಆಯಿತು ಅಂತ ಸಂಬಳದ ಜೊತೆ ಕೊಡುವ ದುಡ್ಡು. ಸರ್ಕಾರಿ ಕನ್ನಡದಲ್ಲಿ ಇಷ್ಟು ಚೆಂದದ, ಜನರ ಬಾಯಿಂದ ಎತ್ತಿಕೊಂಡ ಮಾತು ಸಿಗುವುದು ಅಪರೂಪ.

ಬೆಲೆ ಏರಿಕೆ ಮತ್ತು ಹಣದುಬ್ಬರ ಒಂದೇ ಅಂತ ತಿಳಿಯುವವರು ಬಹಳ. ‘ಹಣದುಬ್ಬರ ಇಳಿಕೆ’ ಅಂತ ಪೇಪರಿನಲ್ಲಿ ಓದಿ, ‘ಎಲ್ಲಿ ಇಳಿದಿದೆ, ಬೇಳೆ ನೋಡಿ’ ಅಂತ ಕೇಳುತ್ತಾರೆ. ಹಣದುಬ್ಬರ ಒಂದು ದರ, ಬೆಲೆ ಎಷ್ಟು ವೇಗದಲ್ಲಿ ಏರುತ್ತಿದೆ ಅನ್ನುವುದರ ದರ. ನೂರು ರೂಪಾಯಿಯ ಸಾಮಾನು ಮೊದಲ ವರ್ಷ 108 ಆಯಿತು, ಶೇ 8 ಹಣದುಬ್ಬರ. ಮುಂದಿನ ವರ್ಷ 112 ಆಯಿತು, ಈಗ ಹಣದುಬ್ಬರ ಶೇ 3.7. ಹಣದುಬ್ಬರ ಅರ್ಧಕ್ಕಿಂತ ಕೆಳಗೆ ಬಂತು, ಸಾಮಾನು ಮಾತ್ರ ತುಟ್ಟಿಯೇ ಆಯಿತು. ರಿಸರ್ವ್ ಬ್ಯಾಂಕಿನ ಗುರಿಯೂ ಬೆಲೆ ಇಳಿಸುವುದಲ್ಲ, ವರ್ಷಕ್ಕೆ ಶೇ 4ರ ಸುತ್ತ ಏರುವ ಹಾಗೆ ಹಿಡಿದಿಡುವುದು.

ಇನ್ನು ಬೆಲೆ ಅಂತ ಹೆಸರಿಲ್ಲದ ಬೆಲೆಗಳು. ದುಡಿಮೆಯ ಬೆಲೆಗೆ ಕೂಲಿ, ಮನೆಯ ಬೆಲೆಗೆ ಬಾಡಿಗೆ, ದುಡ್ಡಿನದೇ ಬೆಲೆಗೆ ಬಡ್ಡಿ, ಮೇಷ್ಟ್ರ ಪಾಠದ ಬೆಲೆಗೆ ಫೀಸು. ಹೆಸರು ಬೇರೆಯಾದರೂ ಕುಣಿತ ಒಂದೇ. ಕೊಯ್ಲಿನ ಹೊತ್ತಿಗೆ ಆಳು ಸಿಗದಿದ್ದರೆ ಕೂಲಿ ಏರುತ್ತದೆ, ಟ್ಯಾಂಕರ್ ನೀರಿನ ಹಾಗೆಯೇ.

ರಸ್ತೆ ಬದಿಯ ಸೊಪ್ಪಿನ ಬುಟ್ಟಿಯ ಹತ್ತಿರ ಈ ಯಾವ ದೊಡ್ಡ ಮಾತೂ ಇಲ್ಲ. ಪೊಟ್ಟಣದ ಮೇಲಿನ ಎಂಆರ್‌ಪಿ ಇಲ್ಲ, ದರಪಟ್ಟಿ ಇಲ್ಲ. ‘ಬೆಲೆ ಎಷ್ಟು’ ಅಂತಲೂ ಯಾರೂ ಕೇಳುವುದಿಲ್ಲ. ‘ಹೆಂಗಮ್ಮಾ ಮೆಂತ್ಯ?’ ಅಷ್ಟೇ.

‘ಕಟ್ಟು ಹತ್ತು ಅಕ್ಕಾ.’

‘ನಾಲ್ಕು ಕಟ್ಟಿಗೆ ಮೂವತ್ತು ಮಾಡಿಕೊಳ್ಳಿ.’

‘ಬೋಣಿ ಟೈಮಲ್ಲಿ ಹಂಗೆ ಕೇಳಬೇಡಿ ಅಕ್ಕಾ. ಗಿಟ್ಟಲ್ಲ.’

ಅಕ್ಕ ನಲವತ್ತು ಕೊಡುತ್ತಾರೆ. ಸೊಪ್ಪಿನಮ್ಮ ನಾಲ್ಕು ಕಟ್ಟು ಚೀಲಕ್ಕೆ ಹಾಕಿ, ಅಕ್ಕ ತಿರುಗುವಷ್ಟರಲ್ಲಿ ಇನ್ನೊಂದು ಕಟ್ಟನ್ನು ಮೇಲಿಡುತ್ತಾಳೆ. ಅದು ಕೊಸರು. ಬೆಲೆ ನಲವತ್ತೇ ಉಳಿಯಿತು, ದರ ಮಾತ್ರ ಕಟ್ಟಿಗೆ ಹತ್ತರಿಂದ ಎಂಟಕ್ಕೆ ಇಳಿಯಿತು. ಹಾಲಿನ ಪ್ಯಾಕೆಟ್ಟಿನಲ್ಲಿ 50 ಮಿಲಿಲೀಟರ್ ಹೆಚ್ಚಿಸಿ ಎರಡು ರೂಪಾಯಿಯನ್ನೂ ತೆಗೆದುಕೊಂಡರು. ಇಲ್ಲಿ ಹೆಚ್ಚಿಸಿದ್ದಕ್ಕೆ ದುಡ್ಡಿಲ್ಲ. ಆದರೂ ಅವಳು ಕಟ್ಟಿಗೆ ಎಂಟು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಪಕ್ಕದಲ್ಲಿ ನಿಂತವರಿಗೂ ಎಂಟೇ ಆಗಬೇಕು, ನಾಳೆಗೂ ಎಂಟೇ ಆಗಬೇಕು. ಪಕ್ಕದವರು ಆಗಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದಾರೆ. ‘ನಮಗೂ ಎಂಟೇ ಹಾಕ್ಕೊಳ್ಳಮ್ಮಾ.’

‘ಇಲ್ಲ ಅಕ್ಕಾ, ಕಟ್ಟು ಹತ್ತೇ. ಅವರಿಗೆ ಸುಮ್ನೆ ಒಂದು ಇಟ್ಟೆ.’